ಸಹಿ ನಿಮ್ಮದು, ಟ್ರಸ್ಟ್‌ನದಲ್ಲ

ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಆಡಿದ ಮಾತುಗಳು



ಮಾನ್ಯ ದಾನಿಗಳೇ, ಜಮಾಅತ್‌ಗಳ ಹಿರಿಯರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನಿಂದ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದಿರುವ ತಂದೆ-ತಾಯಂದಿರೇ, ಪ್ರೀತಿಯ ವಿದ್ಯಾರ್ಥಿಗಳೇ,

ಪ್ರತಿ ವರ್ಷ ಈ ಸಭೆಯಲ್ಲಿ ನಾವು ಜಮಾ-ಖರ್ಚಿನ ಲೆಕ್ಕ ಒಪ್ಪಿಸುತ್ತೇವೆ. ಯಾರ ಝಕಾತ್, ಯಾರ ಸದಕಾ ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ದಾನಿಗಳಿಗಿದೆ, ಹೇಳುವ ಹೊಣೆ ನಮಗಿದೆ. ಈ ಸಲದ ಲೆಕ್ಕಪತ್ರವೂ ಈ ವರದಿಯಲ್ಲಿ ಅಚ್ಚಾಗಿದೆ. ಆದರೆ ಹಣದ ಜೊತೆಗೆ ನಮ್ಮ ಬಳಿ ಇನ್ನೊಂದು ಅಮಾನತ್ ಇದೆ. ಅದರ ಲೆಕ್ಕವನ್ನು ನಾವು ಇದುವರೆಗೆ ಯಾರಿಗೂ ಒಪ್ಪಿಸಿಲ್ಲ. ಅದು ನೀವು ಕೊಟ್ಟ ಕಾಗದಪತ್ರ. ಅರ್ಜಿಯ ಜೊತೆ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಆಧಾರ್, ಅಂಕಪಟ್ಟಿ, ಮನೆಯ ಯಜಮಾನರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ಎಲ್ಲವನ್ನೂ ತಂದು ನಮ್ಮ ಕಚೇರಿಯ ಮೇಜಿನ ಮೇಲೆ ಇಡುತ್ತೀರಿ. ಒಂದು ಮನೆಯ ಕಷ್ಟವೆಲ್ಲ ಆ ಒಂದು ಫೈಲಿನಲ್ಲಿ ಇರುತ್ತದೆ. ಇಂದು ಆ ಫೈಲುಗಳ ಬಗ್ಗೆ ಮಾತಾಡಬೇಕಾಗಿದೆ.

ಈ ವರ್ಷ ನಮಗೊಂದು ಪತ್ರ ಬಂತು. ಒಂದು ವಿಶ್ವವಿದ್ಯಾನಿಲಯದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಹೆಣ್ಣುಮಗಳು ಬರೆದದ್ದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಹುಡುಗಿಯರ ಬಗ್ಗೆ ಆಕೆಯ ಅಧ್ಯಯನ. ಯಾರು ಓದು ಮುಂದುವರಿಸುತ್ತಾರೆ, ಯಾರು ನಡುವೆ ಬಿಡುತ್ತಾರೆ, ಏಕೆ ಬಿಡುತ್ತಾರೆ ಎಂಬುದು ಆಕೆಯ ಪ್ರಶ್ನೆ. ಇದು ನಮ್ಮದೇ ಪ್ರಶ್ನೆ ಕೂಡ. ಪತ್ರದ ಕೊನೆಯಲ್ಲಿ ಎರಡು ಕೋರಿಕೆ ಇದ್ದವು. ಒಂದು, ನಾಲ್ಕೂ ತಾಲ್ಲೂಕುಗಳ ಫಲಾನುಭವಿ ವಿದ್ಯಾರ್ಥಿನಿಯರ ಹೆಸರು, ಫೋನ್ ನಂಬರ್, ತಂದೆಯ ಕೆಲಸ, ಆದಾಯ ಇರುವ ಪಟ್ಟಿ ಕೊಡಬೇಕು. ಎರಡು, ಅವರೆಲ್ಲರ ಪರವಾಗಿ ಟ್ರಸ್ಟ್ ಒಂದು ಅನುಮತಿ ಪತ್ರಕ್ಕೆ ಸಹಿ ಹಾಕಬೇಕು.

ಟ್ರಸ್ಟ್‌ನಲ್ಲಿ ಒಮ್ಮತ ಬರಲಿಲ್ಲ. ಒಳ್ಳೆಯ ಕೆಲಸ, ನಮ್ಮವರ ಸ್ಥಿತಿ ಹೊರಗೆ ತಿಳಿಯಲಿ, ಕೊಟ್ಟುಬಿಡೋಣ ಎಂದರು ಕೆಲವರು. ಹೆಣ್ಣುಮಕ್ಕಳ ಫೋನ್ ನಂಬರ್ ಯಾರಿಗೂ ಕೊಡುವುದು ಬೇಡ, ಪತ್ರಕ್ಕೆ ಉತ್ತರವೂ ಬೇಡ ಎಂದರು ಕೆಲವರು. ಎರಡು ಸಭೆ ನಡೆದವು. ಎರಡನೆಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಒಂದು ಮಾತು ಕೇಳಿದರು: “ಮುಂದಿನ ವರ್ಷದ ಹಣ ನಮ್ಮ ಕೈಯಲ್ಲಿದೆ. ನಾವು ಫೋನ್ ಮಾಡಿ ‘ಸಂಶೋಧನೆಗೆ ಬನ್ನಿ’ ಅಂದರೆ ಯಾವ ತಾಯಿ ಆಗೋದಿಲ್ಲ ಅಂತಾಳೆ?” ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಆಗ ನಾವು ಆ ಸಂಶೋಧಕಿಗೆ ಬರೆದದ್ದು ಇಷ್ಟು: ನಿಮ್ಮ ವಿಶ್ವವಿದ್ಯಾನಿಲಯದ ಎಥಿಕ್ಸ್ ಕಮಿಟಿಯ ಅನುಮೋದನೆ ಸಿಕ್ಕಿದೆಯೇ? ಸಿಕ್ಕಿದ್ದರೆ ಅದರ ಪ್ರತಿ ಕಳಿಸಿ. ಹುಡುಗಿಯರಿಗೆ ಕೊಡುವ ಮಾಹಿತಿ ಪತ್ರವನ್ನೂ ಕಳಿಸಿ.

ಎಥಿಕ್ಸ್ ಕಮಿಟಿ ಎಂದರೇನು ಎಂದು ನಿಮ್ಮಲ್ಲಿ ಹಲವರು ಕೇಳಬಹುದು. ನಮಗೂ ಕೂಡಲೇ ಎಲ್ಲ ತಿಳಿದಿರಲಿಲ್ಲ, ಕೇಳಿ ತಿಳಿದುಕೊಂಡೆವು. ಮನುಷ್ಯರ ಮೇಲೆ ಅಥವಾ ಮನುಷ್ಯರ ಬಗ್ಗೆ ಸಂಶೋಧನೆ ಮಾಡುವವರು ಕೆಲಸ ಶುರು ಮಾಡುವ ಮೊದಲು ತಮ್ಮ ಯೋಜನೆಯನ್ನು ಒಂದು ಸಮಿತಿಯ ಮುಂದಿಡಬೇಕು. ಯಾರನ್ನು ಕೇಳುತ್ತೀರಿ, ಏನು ಕೇಳುತ್ತೀರಿ, ಅವರಿಗೆ ಏನು ತೊಂದರೆ ಆಗಬಹುದು, ಉತ್ತರಗಳನ್ನು ಎಲ್ಲಿ ಇಡುತ್ತೀರಿ, ಬೇಡ ಅಂದವರಿಗೆ ಏನಾಗುತ್ತದೆ ಎಂದು ಸಮಿತಿ ಕೇಳುತ್ತದೆ. ತೃಪ್ತಿಯಾದರೆ ಲಿಖಿತ ಅನುಮೋದನೆ ಕೊಡುತ್ತದೆ, ಇಲ್ಲವಾದರೆ ತಿದ್ದಿಕೊಂಡು ಬನ್ನಿ ಎನ್ನುತ್ತದೆ.

ಹೊಸ ಔಷಧಗಳ ಪ್ರಯೋಗಕ್ಕೆ ಇದು ಕಾನೂನು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಅರ್ಧದಷ್ಟಾದರೂ ಸದಸ್ಯರು, ಮತ್ತು ಅಧ್ಯಕ್ಷರು, ಆ ಸಂಸ್ಥೆಗೆ ಸೇರದವರಾಗಿರಬೇಕು. ವೈದ್ಯರ ಜೊತೆ ಕಾನೂನು ಬಲ್ಲವರೊಬ್ಬರು, ಒಬ್ಬ ಮಹಿಳೆ, ಮತ್ತು ನಮ್ಮ-ನಿಮ್ಮಂತಹ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕು. ಡಾಕ್ಟರರು ಬರೆದದ್ದು ಊರಿನವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಹೇಳುವುದಕ್ಕೇ ಆ ಸಾಮಾನ್ಯ ವ್ಯಕ್ತಿ. ವೈದ್ಯಕೀಯ ಮತ್ತು ಆರೋಗ್ಯ ಸಂಶೋಧನೆಗೆಲ್ಲ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಇದಕ್ಕಿಂತ ಹಿಂದಿನ 2000ದ ಮಾರ್ಗಸೂಚಿಯನ್ನು ರೂಪಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಕರ್ನಾಟಕದವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ಸಮಾಜಶಾಸ್ತ್ರ, ಶಿಕ್ಷಣದಂತಹ ವಿಷಯಗಳ ಅಧ್ಯಯನವನ್ನೂ ಈಗ ಅನೇಕ ವಿಶ್ವವಿದ್ಯಾನಿಲಯಗಳು ತಮ್ಮ ಸಮಿತಿಯ ಮುಂದೆ ತರಿಸುತ್ತವೆ. ಸೂಜಿ ಚುಚ್ಚದಿದ್ದರೂ ಪ್ರಶ್ನೆ ಚುಚ್ಚಬಹುದು ಎಂಬುದು ಅದರ ಕಾರಣ.

ಇಷ್ಟೆಲ್ಲ ಏಕೆ ಬೇಕು? ಎರಡು ಉದಾಹರಣೆ ಹೇಳುತ್ತೇವೆ.

ಮೊದಲನೆಯದು ಖಮ್ಮಂ ಜಿಲ್ಲೆಯದು. ಆಗ ಅದು ಆಂಧ್ರಪ್ರದೇಶದಲ್ಲಿತ್ತು, ಈಗ ತೆಲಂಗಾಣದಲ್ಲಿದೆ. 2009ರಲ್ಲಿ ಅಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಖಮ್ಮಂನಲ್ಲಿ ಹಾಸ್ಟೆಲ್‌ಗಳಲ್ಲಿದ್ದ ಬುಡಕಟ್ಟು ಮಕ್ಕಳೂ ಇದ್ದರು. ತಂದೆ-ತಾಯಿ ದೂರದ ಹಳ್ಳಿಗಳಲ್ಲಿ. ಅನೇಕ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು ಮತ್ತು ಮುಖ್ಯೋಪಾಧ್ಯಾಯರು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆ ಅಧ್ಯಯನವನ್ನು ನಿಲ್ಲಿಸಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ತನ್ನ ವರದಿಯಲ್ಲಿ ಈ ಒಪ್ಪಿಗೆ ಪಡೆದ ರೀತಿಯನ್ನು ಕಟುವಾಗಿ ಟೀಕಿಸಿತು. ಆ ಯೋಜನೆಯಲ್ಲಿ ಐಸಿಎಂಆರ್ ಕೂಡ ಸಹಭಾಗಿಯಾಗಿತ್ತು. ದೊಡ್ಡ ಹೆಸರು ಇದ್ದ ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂದೇನೂ ಇಲ್ಲ.

ಲಸಿಕೆ ಬೇಡ ಎನ್ನಲು ಇದನ್ನು ಹೇಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಆ ಬಗೆಯ ಲಸಿಕೆ ಇಂದು ಅನೇಕ ದೇಶಗಳಲ್ಲಿ ಹೆಣ್ಣುಮಕ್ಕಳನ್ನು ಕ್ಯಾನ್ಸರ್‌ನಿಂದ ಕಾಪಾಡುತ್ತಿದೆ. ನಾವು ಹೇಳುವುದು ಸಹಿಯ ವಿಚಾರ. ಆ ವಾರ್ಡನ್‌ಗಳು ಕೆಟ್ಟವರೆಂದು ನಾವು ಭಾವಿಸುವುದಿಲ್ಲ. ಮಕ್ಕಳಿಗೆ ಒಳ್ಳೆಯದಾಗಲಿ ಎಂದೇ ಸಹಿ ಹಾಕಿರಬಹುದು. ಆದರೆ ಮಗು ಅವರದಲ್ಲ. ನಮ್ಮ ಮುಂದೆ ಬಂದ ಅನುಮತಿ ಪತ್ರವನ್ನು ನೋಡಿದಾಗ ನಮಗೆ ಆ ವಾರ್ಡನ್‌ಗಳ ನೆನಪಾಯಿತು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಅದೇ ಶಿವಮೊಗ್ಗದ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಊರಿದೆ. 1970ರ ದಶಕದಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ಸವೆದು ನಡೆಯಲಾಗದ ಒಂದು ಕಾಯಿಲೆ ಕಂಡಿತು. ಊರಿನ ಹೆಸರೇ ಕಾಯಿಲೆಗೂ ಬಂತು. ಮೊದಲು ಗದ್ದೆಯ ಏಡಿ, ಕೀಟನಾಶಕದ ಮೇಲೆ ಅನುಮಾನಪಟ್ಟರು. ಆಮೇಲೆ ಇದು ವಂಶವಾಹಿಯಿಂದ ಬರುವುದೆಂದು ಗೊತ್ತಾಯಿತು. ದಶಕಗಳ ಕಾಲ ತಂಡಗಳು ಬಂದವು, ರಕ್ತ ತೆಗೆದವು, ಎಕ್ಸ್‌ರೇ ತೆಗೆದವು, ಪ್ರಬಂಧಗಳು ಪ್ರಕಟವಾದವು. ವಿಜ್ಞಾನಕ್ಕೆ ಅದರಿಂದ ತಿಳಿವಳಿಕೆ ಬಂದದ್ದು ನಿಜ. ಆದರೆ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಕೋಲು ಹಿಡಿದು ನಡೆಯುವ ಮನುಷ್ಯನ ಮನೆಗೆ ಮತ್ತೊಂದು ತಂಡ ಸೂಜಿ ಹಿಡಿದು ಬಂದಾಗ, ‘ಹೋದ ಸಲ ತೆಗೆದದ್ದು ಏನಾಯಿತು?’ ಎಂದು ಕೇಳುವ ಹಕ್ಕು ಅವನಿಗಿದೆ. ಅಧ್ಯಯನದಲ್ಲಿ ಏನು ಕಂಡಿತು ಎಂದು ಜನರಿಗೆ ಮರಳಿ ಬಂದು ತಿಳಿಸುತ್ತೀರಾ ಎಂಬ ಪ್ರಶ್ನೆಯನ್ನು ಎಥಿಕ್ಸ್ ಕಮಿಟಿ ಮೊದಲೇ ಕೇಳಬೇಕಾದದ್ದು ಇದಕ್ಕೇ.

ಹಾಗಾದರೆ ಬಾಗಿಲು ಹಾಕಿಕೊಂಡು ಕೂರೋಣವೇ? ಅದೂ ಸರಿಯಲ್ಲ. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂತು. ದೇಶದ ಮುಸ್ಲಿಮರ ಶಿಕ್ಷಣ, ಉದ್ಯೋಗ, ಸಾಲಸೌಲಭ್ಯದ ಸ್ಥಿತಿಯನ್ನು ಅಂಕಿಅಂಶಗಳಿಂದ ತೋರಿಸಿತು. ಅಲ್ಲಿಯವರೆಗೆ ನಮ್ಮ ಬಗ್ಗೆ ಆಡುತ್ತಿದ್ದ ಎಷ್ಟೋ ಮಾತು ಬರೀ ಊಹೆಯಾಗಿತ್ತು. ಲೆಕ್ಕ ಸಿಕ್ಕಿದ ಮೇಲೆ ವಿದ್ಯಾರ್ಥಿವೇತನ ಯೋಜನೆಗಳು ಬಂದವು. ಜಗಳೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಯಾರೋ ಬಂದು ನೀರು ಪರೀಕ್ಷೆ ಮಾಡಿದ್ದರಿಂದಲೇ ತಿಳಿಯಿತು. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಬೆನ್ನು, ಬೆರಳಿಗೆ ಏನಾಗುತ್ತಿದೆ ಎಂದು ಯಾರೂ ಕೇಳದಿದ್ದರೆ ಅವರ ನೋವು ಅವರಲ್ಲೇ ಉಳಿಯುತ್ತದೆ. ಸಂಶೋಧನೆ ನಮಗೆ ಬೇಕು. ಕೇಳಿ ಮಾಡುವ ಸಂಶೋಧನೆ ಬೇಕು.

ಕೇಳುವುದು ಎಂದರೆ ಹೇಗೆ ಎಂಬುದನ್ನು ನಮ್ಮ ದೀನ್ ನಮಗೆ ಯಾವತ್ತೋ ಕಲಿಸಿದೆ. ಇನ್ನೊಬ್ಬರ ಮನೆಗೆ ಹೋದಾಗ ಸಲಾಂ ಹೇಳಿ ಅನುಮತಿ ಕೇಳಬೇಕು, ಹಿಂದಿರುಗಿ ಎಂದರೆ ಬೇಸರವಿಲ್ಲದೆ ಹಿಂದಿರುಗಬೇಕು ಎಂಬ ಕಟ್ಟಳೆ ಸೂರಾ ಅನ್-ನೂರ್‌ನಲ್ಲಿದೆ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬುದು ಸೂರಾ ಅಲ್-ಬಕರಾದಲ್ಲಿದೆ. ಐಸಿಎಂಆರ್ ಮಾರ್ಗಸೂಚಿ ಓದಿದಾಗ ನಮಗೆ ಇವೇ ನೆನಪಾದವು. ಓದಲು ಬಾರದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು, ಸಂಶೋಧಕರ ಕಡೆಯವರಲ್ಲದ ಓದುಬಲ್ಲ ಸಾಕ್ಷಿಯೊಬ್ಬರು ಅಲ್ಲಿರಬೇಕು, ಆಮೇಲೆ ಹೆಬ್ಬೆಟ್ಟು. ಯಾವ ಕ್ಷಣದಲ್ಲಾದರೂ ‘ಇನ್ನು ಸಾಕು’ ಎಂದು ಹೊರಬರಬಹುದು, ಕಾರಣ ಹೇಳಬೇಕಾಗಿಲ್ಲ.

ಈ ಹಕ್ಕು ನಿಮಗೆ ಹೊಸದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರು ಮನೆಮನೆಗೆ ಬಂದದ್ದು ನೆನಪಿರಬಹುದು. ಆಗ ನಮ್ಮ ಹೈಕೋರ್ಟ್ ಸಮೀಕ್ಷೆ ಮುಂದುವರಿಯಲಿ ಎಂದಿತು, ಜೊತೆಗೆ ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದೆಂದು ತಿಳಿಸಬೇಕು, ಕೊಟ್ಟ ಮಾಹಿತಿ ಗೋಪ್ಯವಾಗಿರಬೇಕು ಎಂದೂ ಹೇಳಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸರ್ಕಾರದ ಸಮೀಕ್ಷೆಗೇ ಇಷ್ಟು ನಿಯಮ ಇದ್ದಮೇಲೆ, ಒಬ್ಬ ಸಂಶೋಧಕರ ಪ್ರಶ್ನಾವಳಿಗೆ ‘ಇಲ್ಲ’ ಎನ್ನಲು ಯಾರೂ ಅಂಜಬೇಕಾಗಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಟ್ರಸ್ಟ್‌ನ ಹಳೆಯ ವರದಿಗಳನ್ನು ತೆಗೆದು ನೋಡಿ. ಚೆಕ್ ಹಿಡಿದು ನಿಂತ ಹೆಣ್ಣುಮಕ್ಕಳ ಫೋಟೋ, ಕೆಳಗೆ ಹೆಸರು, ಊರು, ಕೆಲವು ಕಡೆ ‘ಯತೀಮ್’ ಎಂಬ ಮಾತು. ಅವರನ್ನು ಒಂದು ಮಾತೂ ಕೇಳದೆ ಅಚ್ಚು ಹಾಕಿಸಿದೆವು. ಅಂಥ ಒಂದು ಫೋಟೋ ಒಬ್ಬ ಹುಡುಗಿಯ ಹಾಸ್ಟೆಲ್‌ನಲ್ಲಿ ಫೋನಿನಿಂದ ಫೋನಿಗೆ ಹೋಯಿತು. ಚೆನ್ನಾಗಿ ಓದುತ್ತಿದ್ದ ಆ ಹುಡುಗಿ ಮರುವರ್ಷ ಅರ್ಜಿ ಹಾಕಲಿಲ್ಲ. ಕಾರಣ ಅವಳ ತಾಯಿಯ ಬಾಯಿಂದ ನಮಗೆ ಬಹಳ ತಡವಾಗಿ ತಿಳಿಯಿತು. ಆ ಮಗಳ ಮಾಫಿಯನ್ನು ನಾವು ಈ ಸಭೆಯಲ್ಲಿ ಹೆಸರು ಹೇಳದೆ ಕೇಳುತ್ತೇವೆ. ಈ ವರ್ಷದ ವರದಿಯಲ್ಲಿ ಅಂಥ ಒಂದು ಫೋಟೋ ಕೂಡ ಇಲ್ಲ. ದಾನಿಗಳಲ್ಲಿ ಕೆಲವರಿಗೆ ಇದು ಸಪ್ಪೆ ಎನಿಸಬಹುದು. ಹಣ ಎಲ್ಲಿ ಹೋಯಿತೆಂದು ನೋಡಬಯಸುವ ದಾನಿಗಳು ಲೆಕ್ಕಪರಿಶೋಧಕರ ವರದಿ ನೋಡಿ, ಕಾಲೇಜುಗಳಿಗೆ ಕಟ್ಟಿದ ಶುಲ್ಕದ ರಸೀದಿ ನೋಡಿ. ಮಕ್ಕಳ ಮುಖ ನೋಡುವುದು ಬೇಡ.

ಈಗ ಆ ಸಂಶೋಧಕಿಯ ಪತ್ರಕ್ಕೆ ಏನಾಯಿತು ಎಂದು ಹೇಳುತ್ತೇವೆ. ಆಕೆ ಸಿಟ್ಟಾಗಲಿಲ್ಲ. ಅನುಮೋದನೆಗೆ ಅರ್ಜಿ ಹಾಕಿರಲಿಲ್ಲವೆಂದು ಒಪ್ಪಿಕೊಂಡರು. ಕೆಲವು ತಿಂಗಳ ನಂತರ ಅನುಮೋದನೆಯ ಪ್ರತಿ ತಂದರು. ಸಮಿತಿ ಆಕೆಯ ಪ್ರಶ್ನಾವಳಿಯಿಂದ ಎರಡು ಪ್ರಶ್ನೆ ತೆಗೆಸಿತ್ತು. ಒಂದು, ಮದುವೆ ಮಾತುಕತೆಯ ಕುರಿತಾದದ್ದು. ಇನ್ನೊಂದು, ಮನೆಯ ಸಾಲದ ಕುರಿತಾದದ್ದು. ಅವಿಲ್ಲದೆಯೂ ಅಧ್ಯಯನ ನಡೆಯುತ್ತದೆ ಎಂದು ಸಮಿತಿ ಹೇಳಿತಂತೆ. ಮಾಹಿತಿ ಪತ್ರ ಕನ್ನಡದಲ್ಲಿತ್ತು, ಉರ್ದುವಿನಲ್ಲಿ ಓದಿ ಹೇಳುವ ವ್ಯವಸ್ಥೆಯೂ ಇತ್ತು.

ಆದರೂ ನಾವು ಪಟ್ಟಿ ಕೊಡಲಿಲ್ಲ, ನಿಮ್ಮ ಪರವಾಗಿ ಸಹಿಯನ್ನೂ ಹಾಕಲಿಲ್ಲ. ಏಕೆಂದರೆ ಇಲ್ಲಿ ಮೂರು ಬಾಗಿಲುಗಳಿವೆ. ಮೊದಲನೆಯದು ಎಥಿಕ್ಸ್ ಕಮಿಟಿಯ ಅನುಮೋದನೆ. ಎರಡನೆಯದು ಸಂಸ್ಥೆಯ ಅನುಮತಿ: ಶಾಲೆಯಾದರೆ ಶಿಕ್ಷಣ ಇಲಾಖೆ, ಆಸ್ಪತ್ರೆಯಾದರೆ ಅಲ್ಲಿನ ಅಧಿಕಾರಿ, ನಮ್ಮಲ್ಲಾದರೆ ಟ್ರಸ್ಟ್. ಮೂರನೆಯದು ನಿಮ್ಮ ಸ್ವಂತ ಒಪ್ಪಿಗೆ. ಮೊದಲ ಎರಡು ತೆರೆದರೂ ಮೂರನೆಯ ಬಾಗಿಲಿನ ಚಿಲಕ ಒಳಗಡೆಯಿಂದಲೇ ತೆಗೆಯಬೇಕು. ನಾವು ಮಾಡಿದ್ದು ಇಷ್ಟೇ: ಮಾಹಿತಿ ಪತ್ರವನ್ನು ಕಚೇರಿಯ ಫಲಕಕ್ಕೆ ಹಚ್ಚಿದೆವು, ನಾಲ್ಕೂ ತಾಲ್ಲೂಕುಗಳ ಪಾಲಕರ ಸಭೆಯಲ್ಲಿ ಓದಿ ಹೇಳಿದೆವು. ಇಷ್ಟವಿದ್ದವರು ತಾವೇ ಆ ಸಂಶೋಧಕಿಗೆ ಫೋನ್ ಮಾಡಿ ಎಂದೆವು. ಯಾರು ಮಾಡಿದರು, ಯಾರು ಮಾಡಲಿಲ್ಲ ಎಂಬುದು ನಮಗೆ ಗೊತ್ತಿಲ್ಲ. ಆಕೆಗೂ ಅದನ್ನು ನಮಗೆ ಹೇಳಬಾರದೆಂದು ಕೇಳಿಕೊಂಡಿದ್ದೇವೆ.

ಇನ್ನು ವಿದ್ಯಾರ್ಥಿಗಳಿಗೆ ಎರಡು ಮಾತು. ನಿಮ್ಮಲ್ಲಿ ನರ್ಸಿಂಗ್, ಎಂ.ಎಸ್‌.ಡಬ್ಲ್ಯೂ., ಬಿ.ಎಡ್., ವೈದ್ಯಕೀಯ ಓದುತ್ತಿರುವವರಿದ್ದೀರಿ. ನಾಳೆ ನೀವೇ ಪ್ರಶ್ನಾವಳಿ ಹಿಡಿದು ಹೊನ್ನಾಳಿಯ ಓಣಿಯಲ್ಲೋ ನ್ಯಾಮತಿಯ ತಾಂಡಾದಲ್ಲೋ ಯಾರದೋ ಬಾಗಿಲು ತಟ್ಟುತ್ತೀರಿ. ಮೊದಲ ಫಾರಂ ತುಂಬಿಸುವ ಮುನ್ನ ನಿಮ್ಮ ಗೈಡ್‌ರನ್ನು ಕೇಳಿ: ಸರ್, ಮೇಡಂ, ಇದಕ್ಕೆ ಎಥಿಕ್ಸ್ ಅನುಮೋದನೆ ಬೇಕೇ? ಕೆಲಸ ಮುಗಿಸಿ ಆಮೇಲೆ ಅನುಮೋದನೆ ಕೇಳಿದರೆ ಸಿಗುವುದಿಲ್ಲ, ಒಳ್ಳೆಯ ಪತ್ರಿಕೆಗಳು ಪ್ರಬಂಧವನ್ನೂ ತೆಗೆದುಕೊಳ್ಳುವುದಿಲ್ಲ. ಪಿಎಚ್‌.ಡಿ.ಗೆ ಸೇರುವವರಿಗೆ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ ಪಾಠವನ್ನು ಯುಜಿಸಿ 2019ರಲ್ಲೇ ಕಡ್ಡಾಯ ಮಾಡಿದೆ. ಅದನ್ನು ಪರೀಕ್ಷೆಗಾಗಿ ಮಾತ್ರ ಓದಬೇಡಿ. ನಿಮ್ಮ ಅಮ್ಮ ನಮ್ಮ ಕಚೇರಿಗೆ ಬಂದು ಫೈಲು ಇಡುವಾಗ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿ ನಿಂತದ್ದು ನಿಮಗೆ ಗೊತ್ತಿದೆ. ನೀವು ಬಾಗಿಲು ತಟ್ಟುವ ಮನೆಯಲ್ಲೂ ಅಂಥ ಒಬ್ಬ ಅಮ್ಮ ಇರುತ್ತಾಳೆ.

ದಾನಿಗಳಿಗೆ ಅಲ್ಲಾಹನು ಬರಕತ್ ನೀಡಲಿ. ಮಕ್ಕಳ ಇಲ್ಮ್‌ನಲ್ಲಿ ಬರಕತ್ ನೀಡಲಿ. ನಮ್ಮ ಬಳಿ ಇಟ್ಟ ಎರಡೂ ಅಮಾನತ್‌ಗಳನ್ನು, ಹಣವನ್ನೂ ಕಾಗದವನ್ನೂ, ಕಾಪಾಡುವ ಶಕ್ತಿಯನ್ನು ನಮಗೆ ಕೊಡಲಿ. ಆಮೀನ್.

ಅರ್ಜಿದಾರರ ಗಮನಕ್ಕೆ

1. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕೊಟ್ಟ ಮಾಹಿತಿಯನ್ನು ಆಯ್ಕೆ, ಹಣ ಪಾವತಿ ಮತ್ತು ಲೆಕ್ಕಪರಿಶೋಧನೆಗೆ ಮಾತ್ರ ಬಳಸಲಾಗುವುದು. ಯಾವ ಸಂಶೋಧಕರಿಗೂ ಸಂಸ್ಥೆಗೂ ಪಟ್ಟಿ ಕೊಡುವುದಿಲ್ಲ.

2. ಯಾವುದೇ ಸಂಶೋಧನೆಯಲ್ಲಿ ಭಾಗವಹಿಸುವುದು, ಬಿಡುವುದು ವಿದ್ಯಾರ್ಥಿವೇತನದ ಆಯ್ಕೆಗಾಗಲಿ ನವೀಕರಣಕ್ಕಾಗಲಿ ಸಂಬಂಧಿಸಿಲ್ಲ. ಟ್ರಸ್ಟ್‌ನ ಹೆಸರು ಹೇಳಿ ಯಾರಾದರೂ ಒತ್ತಾಯಿಸಿದರೆ ಕಚೇರಿಗೆ ತಿಳಿಸಿ.

3. ಸಂಶೋಧನೆಗೆಂದು ಯಾರಾದರೂ ಮನೆಗೆ ಬಂದರೆ ಇವನ್ನು ಕೇಳಿ: ಎಥಿಕ್ಸ್ ಕಮಿಟಿಯ ಅನುಮೋದನೆಯ ಪ್ರತಿ ಎಲ್ಲಿದೆ? ಅಧ್ಯಯನ ಏತಕ್ಕಾಗಿ? ಎಷ್ಟು ಹೊತ್ತು ಬೇಕು? ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು? ನಮ್ಮ ಹೆಸರು ಎಲ್ಲಿಯಾದರೂ ಬರುತ್ತದೆಯೇ? ಫಲಿತಾಂಶ ನಮಗೆ ಹೇಗೆ ತಿಳಿಸುತ್ತೀರಿ? ಮಾಹಿತಿ ಪತ್ರದ ಒಂದು ಪ್ರತಿ ನಿಮ್ಮ ಬಳಿಯೇ ಉಳಿಯಬೇಕು.

4. 18 ವರ್ಷದೊಳಗಿನ ಮಕ್ಕಳಾದರೆ ತಂದೆ-ತಾಯಿ ಅಥವಾ ಪಾಲಕರ ಒಪ್ಪಿಗೆ ಬೇಕು. 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಶಾಲೆ, ಹಾಸ್ಟೆಲ್, ಮದ್ರಸಾ ಅಥವಾ ಟ್ರಸ್ಟ್‌ನ ಸಹಿ ಅದಕ್ಕೆ ಬದಲಿಯಲ್ಲ.

5. ವರದಿಯಲ್ಲಿ ನಿಮ್ಮ ಮಕ್ಕಳ ಫೋಟೋ ಅಥವಾ ಹೆಸರು ಅಚ್ಚಾಗುವುದಿಲ್ಲ. ಹಳೆಯ ವರದಿಗಳ ಫೋಟೋಗಳ ಬಗ್ಗೆ ಆಕ್ಷೇಪವಿದ್ದವರು ತಿಳಿಸಿದರೆ, ಕಚೇರಿಯಲ್ಲಿರುವ ಪ್ರತಿಗಳಿಂದ ತೆಗೆಯುತ್ತೇವೆ.